ಮೊದಲು ಕೆಪಾಸಿಟರ್, ಆಮೇಲೆ ಐಸಿ

ಅಟ್ಟದಲ್ಲಿದ್ದ ಎಲ್‌ಪಿ ಪ್ಲೇಟುಗಳನ್ನು ಇಳಿಸಿ, ಹೊಸದೊಂದು ಟರ್ನ್‌ಟೇಬಲ್ ತಂದು, ಅದರ ಜೊತೆಗೆ ಅಂಗೈಯಗಲದ ಫೋನೋ ಪ್ರೀಆಂಪ್ ಡಬ್ಬಿ ಕೊಂಡವರಿಗೆ ಕೆಲವೇ ವಾರಗಳಲ್ಲಿ ಅಸಮಾಧಾನ ಶುರುವಾಗುತ್ತದೆ. ಹಾಡು ಕೇಳುತ್ತದೆ, ಆದರೆ ಹಿಂದೆ ಗುಂಯ್ ಎನ್ನುವ ಸದ್ದಿದೆ. ಅಥವಾ ಮೃದಂಗದ ಎಡಭಾಗಕ್ಕೆ ತೂಕವೇ ಇಲ್ಲ. ಅಥವಾ ಪಿಟೀಲು ಕಿವಿಗೆ ಚುಚ್ಚುತ್ತದೆ. ಗೊತ್ತಿದ್ದವರನ್ನು ಕೇಳಿದರೆ ಬರುವ ಸಲಹೆ ಸಾಮಾನ್ಯವಾಗಿ ಒಂದೇ: "ಒಳಗಿರೋ ಐಸಿ ಕಿತ್ತು ಒಳ್ಳೇದು ಹಾಕಿ."

ಸಲಹೆ ಸುಳ್ಳಲ್ಲ, ಆದರೆ ಕ್ರಮ ತಲೆಕೆಳಗು. ಅಗ್ಗದ ಪ್ರೀಆಂಪ್‌ಗಳ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುವುದು ಐಸಿಯಲ್ಲಲ್ಲ. ಅರ್ತ್ ವೈರು, ಅಡಾಪ್ಟರ್, ಹತ್ತಾರು ರೂಪಾಯಿಯ ನಾಲ್ಕೈದು ಕೆಪಾಸಿಟರ್‌ಗಳು, ಒಂದೆರಡು ರೆಸಿಸ್ಟರ್‌ಗಳು, ಇಷ್ಟರಲ್ಲೇ ಬಹುಪಾಲು ಸಮಸ್ಯೆ ಅಡಗಿರುತ್ತದೆ. ಇವನ್ನು ಮೀಟರ್ ಹಿಡಿದು ಅಳೆಯಬಹುದು. ಅಳೆಯಲು ಬರುವುದನ್ನು ಮೊದಲು ಸರಿಮಾಡಿ, ಕಿವಿಯ ಮೇಲೆ ಭಾರ ಹಾಕುವುದನ್ನು ಕೊನೆಗಿಟ್ಟುಕೊಂಡರೆ ದುಡ್ಡೂ ಉಳಿಯುತ್ತದೆ, ಡಬ್ಬಿಯೂ ಉಳಿಯುತ್ತದೆ.

ಡಬ್ಬಿಯ ಎರಡು ಕೆಲಸ

ಫೋನೋ ಪ್ರೀಆಂಪ್ ಎರಡು ಕೆಲಸ ಮಾಡುತ್ತದೆ. ಮೊದಲನೆಯದು ಸಿಗ್ನಲ್ ದೊಡ್ಡದು ಮಾಡುವುದು. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ 1 ಕಿಲೋಹರ್ಟ್ಸ್‌ನಲ್ಲಿ ಕೊಡುವುದು ಸುಮಾರು 3ರಿಂದ 5 ಮಿಲಿವೋಲ್ಟ್. ಆಂಪ್ಲಿಫೈಯರಿಗೆ ಬೇಕಾದ್ದು ಅರ್ಧ ವೋಲ್ಟಿನ ಆಸುಪಾಸು. ಹಾಗಾಗಿ ನೂರು ಪಟ್ಟು, ಅಂದರೆ 40 ಡೆಸಿಬೆಲ್ ಗೇನ್ ಬೇಕು. ಮೂವಿಂಗ್ ಕಾಯಿಲ್ ಕಾರ್ಟ್ರಿಜ್‌ಗಳದು ಇನ್ನೂ ಸಣ್ಣ ದನಿ. ಹೆಸರುವಾಸಿಯಾದ ಡೆನಾನ್ ಡಿಎಲ್-103 ಕೊಡುವುದು 0.3 ಮಿಲಿವೋಲ್ಟ್ ಮಾತ್ರ. ಅಂಥವಕ್ಕೆ ಸಾವಿರ ಪಟ್ಟು, 60 ಡೆಸಿಬೆಲ್ ಬೇಕು. ಈ ಲೇಖನದ ಲೆಕ್ಕಗಳೆಲ್ಲ ಮನೆಗಳಲ್ಲಿ ಹೆಚ್ಚಾಗಿರುವ ಮೂವಿಂಗ್ ಮ್ಯಾಗ್ನೆಟ್‌ಗೆ ಸಂಬಂಧಿಸಿದವು.

ಎರಡನೆಯದು, ರೆಕಾರ್ಡು ಕೊರೆಯುವಾಗ ಬೇಕೆಂದೇ ತಿರುಚಿದ ಧ್ವನಿಯನ್ನು ಮತ್ತೆ ನೆಟ್ಟಗೆ ಮಾಡುವುದು. ಮಂದ್ರ ಸ್ವರಗಳನ್ನು ಇದ್ದ ಹಾಗೆ ಕೊರೆದರೆ ಗೆರೆ ಅಗಲವಾಗಿ ಪಕ್ಕದ ಗೆರೆಗೆ ನುಗ್ಗುತ್ತದೆ. ಆದ್ದರಿಂದ ಅವನ್ನು ತಗ್ಗಿಸಿ ಕೊರೆಯುತ್ತಾರೆ. ತಾರ ಸ್ವರಗಳನ್ನು ಹಿಗ್ಗಿಸಿ ಕೊರೆಯುತ್ತಾರೆ, ಪ್ಲೇಟಿನ ಮೇಲ್ಮೈಯ ಸರಪರ ಸದ್ದಿನಲ್ಲಿ ಅವು ಮುಳುಗಬಾರದೆಂದು. ಎಷ್ಟು ತಗ್ಗಿಸಬೇಕು, ಎಷ್ಟು ಹಿಗ್ಗಿಸಬೇಕು ಎಂಬುದು ಮೊದಲು ಕಂಪನಿಗೊಂದು ಬಗೆಯಿತ್ತು. 1954ರಲ್ಲಿ ಅಮೆರಿಕದ ರೆಕಾರ್ಡಿಂಗ್ ಉದ್ಯಮದ ಸಂಘ ಆರ್‌ಐಎಎ ಒಂದು ನಿಯಮ ತಂದಿತು. ಕ್ರಮೇಣ ಎಲ್ಲರೂ ಅದಕ್ಕೇ ಒಗ್ಗಿಕೊಂಡರು.

ನುಡಿಸುವಾಗ ಪ್ರೀಆಂಪ್ ಇದರ ತದ್ವಿರುದ್ಧ ಮಾಡಬೇಕು. 1 ಕಿಲೋಹರ್ಟ್ಸನ್ನು ಸೊನ್ನೆ ಎಂದಿಟ್ಟುಕೊಂಡರೆ 20 ಹರ್ಟ್ಸ್‌ನಲ್ಲಿ 19.3 ಡೆಸಿಬೆಲ್ ಏರಿಕೆ, 20 ಕಿಲೋಹರ್ಟ್ಸ್‌ನಲ್ಲಿ 19.6 ಡೆಸಿಬೆಲ್ ಇಳಿಕೆ. ಎರಡು ತುದಿಗಳ ನಡುವೆ ಹೆಚ್ಚುಕಡಿಮೆ 90 ಪಟ್ಟು ವ್ಯತ್ಯಾಸ. ಈ ಇಳಿಜಾರಿನ ಆಕಾರವನ್ನು ಮೂರು ಕಾಲ ಸ್ಥಿರಾಂಕಗಳು ನಿರ್ಧರಿಸುತ್ತವೆ: 3180, 318 ಮತ್ತು 75 ಮೈಕ್ರೊಸೆಕೆಂಡ್. ಆವರ್ತನದಲ್ಲಿ ಹೇಳುವುದಾದರೆ 50, 500 ಮತ್ತು 2122 ಹರ್ಟ್ಸ್. ಡಬ್ಬಿಯೊಳಗೆ ಈ ಮೂರನ್ನೂ ನಿಶ್ಚಯಿಸುವುದು ಪ್ರತಿ ಚಾನಲ್ಲಿನ ಎರಡು ರೆಸಿಸ್ಟರ್, ಎರಡು ಕೆಪಾಸಿಟರ್.

ಇಲ್ಲೇ ಇನ್ನೊಂದು ಸಂಗತಿ ಗಮನಿಸಿ. 50 ಹರ್ಟ್ಸ್‌ನಲ್ಲಿ ಪ್ರೀಆಂಪ್ ಕೊಡುವ ಹೆಚ್ಚುವರಿ ಏರಿಕೆ 17 ಡೆಸಿಬೆಲ್, ಅಂದರೆ ಏಳು ಪಟ್ಟು. ನಮ್ಮ ಮನೆಗೆ ಬರುವ ಕರೆಂಟಿನ ಆವರ್ತನವೂ 50 ಹರ್ಟ್ಸೇ. ಬೇರೆ ಇನ್‌ಪುಟ್‌ಗಳಲ್ಲಿ ಕೇಳದ ಗುಂಯ್ ಸದ್ದು ಫೋನೋದಲ್ಲಿ ಮಾತ್ರ ಕೇಳುವುದು ಅದಕ್ಕೇ.

ಸ್ಕ್ರೂ ಬಿಚ್ಚುವ ಮೊದಲು

ಸೂಜಿ ಸವೆದಿದ್ದರೆ ಪ್ರೀಆಂಪಿಗೆ ಏನು ಮಾಡಿದರೂ ವ್ಯರ್ಥ. ಸೂಜಿಯ ಭಾರ ಕಾರ್ಟ್ರಿಜ್ ತಯಾರಕರು ಹೇಳಿದಷ್ಟೇ ಇದೆಯೇ, ಕಾರ್ಟ್ರಿಜ್ ನೆಟ್ಟಗೆ ಕೂತಿದೆಯೇ, ನೋಡಿಕೊಳ್ಳಿ. ಪ್ಲೇಟಿನ ಕೊನೆಯ ಹಾಡಿನಲ್ಲಿ ಮಾತ್ರ "ಸ", "ಶ"ಗಳು ಸೀಳುತ್ತಿದ್ದರೆ ಅದು ಸೂಜಿಯ ಅಥವಾ ಜೋಡಣೆಯ ದೋಷ, ಪ್ರೀಆಂಪಿನದಲ್ಲ.

ಈಗಿನ ಎಷ್ಟೋ ಟರ್ನ್‌ಟೇಬಲ್‌ಗಳ ಒಳಗೇ ಒಂದು ಪ್ರೀಆಂಪ್ ಇರುತ್ತದೆ. ಹಿಂದೆ ಫೋನೋ, ಲೈನ್ ಎಂಬ ಸ್ವಿಚ್ಚಿರುತ್ತದೆ. ಅದು ಲೈನ್‌ನಲ್ಲಿದ್ದು ಹೊರಗೂ ಪ್ರೀಆಂಪ್ ಹಾಕಿದರೆ ತಿದ್ದುಪಡಿ ಎರಡು ಸಲ ಆಗಿ, ಮಂದ್ರವೆಲ್ಲ ಊದಿಕೊಂಡು ತಾರಸ್ಥಾಯಿ ಸತ್ತುಹೋಗುತ್ತದೆ, ದನಿ ಒಡೆಯುತ್ತದೆ. ಸ್ವಿಚ್ಚನ್ನು ಫೋನೋಗೆ ತಂದರೆ ಸಾಕು.

ಒಂದು ಚಾನಲ್ ಮೆತ್ತಗೆ ಕೇಳಿಸಿದರೆ ಪ್ರೀಆಂಪಿನ ಇನ್‌ಪುಟ್ಟಿನಲ್ಲಿ ಎಡ, ಬಲ ವೈರುಗಳನ್ನು ಅದಲುಬದಲು ಮಾಡಿ. ಮೆತ್ತನೆಯ ಬದಿಯೂ ಬದಲಾದರೆ ತಪ್ಪು ಕಾರ್ಟ್ರಿಜ್ ಅಥವಾ ವೈರಿನದು. ಬದಲಾಗದಿದ್ದರೆ ಪ್ರೀಆಂಪಿನದು ಅಥವಾ ಅದರ ಮುಂದಿನದು.

ಗುಂಯ್ ಸದ್ದಿನ ಪತ್ತೆ

ಸೂಜಿ ಎತ್ತಿಟ್ಟು, ನೀವು ಸಾಮಾನ್ಯವಾಗಿ ಕೇಳುವಷ್ಟೇ ವಾಲ್ಯೂಮ್ ಇಟ್ಟು ಕಿವಿಗೊಡಿ. ಆಮೇಲೆ ವಾಲ್ಯೂಮ್ ಇಳಿಸಿ, ಟರ್ನ್‌ಟೇಬಲ್ಲಿನ ವೈರುಗಳನ್ನು ಪ್ರೀಆಂಪಿನಿಂದ ಕಿತ್ತು, ಆ ಜಾಗಕ್ಕೆ ಶಾರ್ಟಿಂಗ್ ಪ್ಲಗ್ ಹಾಕಿ. ನಡುವಿನ ಪಿನ್ನನ್ನು ಹೊರಸುತ್ತಿಗೆ ಬೆಸೆದ ಸಾದಾ ಆರ್‌ಸಿಎ ಪ್ಲಗ್ಗೇ ಶಾರ್ಟಿಂಗ್ ಪ್ಲಗ್. ವಾಲ್ಯೂಮ್ ಮೊದಲಿನಷ್ಟೇ ಏರಿಸಿ. ಸದ್ದು ಹೋಯಿತೇ? ಹಾಗಿದ್ದರೆ ತಪ್ಪು ಟರ್ನ್‌ಟೇಬಲ್, ಅದರ ವೈರು ಅಥವಾ ಅರ್ತಿನದು. ಹೋಗಲಿಲ್ಲವೇ? ಪ್ರೀಆಂಪ್ ಅಥವಾ ಅದರ ಅಡಾಪ್ಟರನ್ನು ಅನುಮಾನಿಸಬೇಕು.

ಟರ್ನ್‌ಟೇಬಲ್ಲಿನಿಂದ ಬರುವ ತೆಳ್ಳನೆಯ ಅರ್ತ್ ವೈರು ಪ್ರೀಆಂಪಿನ ಗ್ರೌಂಡ್ ಸ್ಕ್ರೂವಿಗೆ ಬಿಗಿಯಾಗಿರಬೇಕು. ಪ್ರೀಆಂಪ್ ಡಬ್ಬಿಯನ್ನು ಕೈಯಲ್ಲಿ ಹಿಡಿದು ನಿಧಾನ ತಿರುಗಿಸಿದಾಗ ಸದ್ದು ಹೆಚ್ಚುಕಡಿಮೆಯಾದರೆ ಪಕ್ಕದ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಅದಕ್ಕೆ ಕಾಂತಕ್ಷೇತ್ರ ಊಡುತ್ತಿದೆ ಎಂದರ್ಥ. ಅರ್ಧ ಮೀಟರ್ ದೂರ ಸರಿಸಿದರೆ ಸಾಮಾನ್ಯವಾಗಿ ತೀರಿಹೋಗುತ್ತದೆ, ಖರ್ಚೂ ಇಲ್ಲ.

ಸದ್ದಿನ ಜಾತಿಯೂ ಸುಳಿವು ಕೊಡುತ್ತದೆ. ಫೋನಿನಲ್ಲಿ ಸ್ಪೆಕ್ಟ್ರಮ್ ತೋರಿಸುವ ಆ್ಯಪ್ ಹಾಕಿಕೊಂಡು ಸ್ಪೀಕರ್ ಬಳಿ ಹಿಡಿಯಿರಿ. ಎದ್ದು ಕಾಣುವುದು 50 ಹರ್ಟ್ಸ್ ಆದರೆ ಅರ್ತ್ ಅಥವಾ ಟ್ರಾನ್ಸ್‌ಫಾರ್ಮರ್ ಕಡೆ ನೋಡಿ. 100 ಹರ್ಟ್ಸ್ ಮತ್ತು ಅದರ ಮಡಿಗಳಾದರೆ ಪವರ್ ಸಪ್ಲೈಯಲ್ಲಿ ಎಸಿಯನ್ನು ಡಿಸಿ ಮಾಡುವ ಭಾಗದ ಕೆಪಾಸಿಟರ್ ಸೋತಿರಬಹುದು. ಹಳೆಯ ಆಂಪ್ಲಿಫೈಯರುಗಳಲ್ಲೇ ಕೂಡಿಬಂದ ಫೋನೋ ಇನ್‌ಪುಟ್‌ಗಳಲ್ಲಿ ಇದು ಮಾಮೂಲು. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ಒಳಗಿನ ದ್ರವ ವರ್ಷಗಳು ಕಳೆದಂತೆ ಒಣಗುತ್ತದೆ. ಅವನ್ನು ಬದಲಿಸುವುದು ಸುಧಾರಣೆಯಲ್ಲ, ರಿಪೇರಿ.

ಒಂದು ಎಚ್ಚರಿಕೆ. ಸದ್ದು ಹೋಗುತ್ತದೆಂದು ಆಂಪ್ಲಿಫೈಯರಿನ ಮೂರು ಪಿನ್ ಪ್ಲಗ್ಗಿನ ಅರ್ತ್ ಪಿನ್ನನ್ನು ಕಿತ್ತುಹಾಕುವವರಿದ್ದಾರೆ. ಆ ಪಿನ್ ಇರುವುದು ನಿಮ್ಮ ಪ್ರಾಣಕ್ಕಾಗಿ. ಅದನ್ನು ಮುಟ್ಟಬೇಡಿ.

ಅಡಾಪ್ಟರ್: ಬ್ಯಾಟರಿಯೇ ಪರೀಕ್ಷಕ

ಅಗ್ಗದ ಡಬ್ಬಿಗಳ ಜೊತೆ ಬರುವ ಸ್ವಿಚಿಂಗ್ ಅಡಾಪ್ಟರ್ ಮೇಲೆ ಎಲ್ಲರಿಗೂ ಸಂಶಯ. ದುಬಾರಿ ಲೀನಿಯರ್ ಸಪ್ಲೈ ಕೊಳ್ಳುವ ಮೊದಲು ಆ ಸಂಶಯ ನಿಜವೇ ಎಂದು ತಿಳಿಯಲು ಸುಲಭ ದಾರಿಯಿದೆ. ಅಡಾಪ್ಟರಿನ ಚೀಟಿಯಲ್ಲಿ ಔಟ್‌ಪುಟ್ 12 ವೋಲ್ಟ್ ಡಿಸಿ ಎಂದಿದ್ದರೆ, ಕಂಪ್ಯೂಟರ್ ಯುಪಿಎಸ್‌ನಲ್ಲಿರುವಂಥ 12 ವೋಲ್ಟಿನ ಸೀಲ್ಡ್ ಬ್ಯಾಟರಿಯಿಂದ ಒಂದು ಸಂಜೆ ಪ್ರೀಆಂಪ್ ನಡೆಸಿ ನೋಡಿ. ಬ್ಯಾಟರಿಯ ಪ್ಲಸ್ ತುದಿಗೆ ಅರ್ಧ ಆಂಪಿಯರಿನ ಫ್ಯೂಸ್ ಕಡ್ಡಾಯ, ಶಾರ್ಟ್ ಆದರೆ ಆ ಪುಟ್ಟ ಬ್ಯಾಟರಿ ವೈರನ್ನೇ ಸುಡಬಲ್ಲದು. ಜಾಕಿನ ನಡುವಿನದು ಪ್ಲಸ್ಸೋ ಮೈನಸ್ಸೋ, ಚೀಟಿಯ ಮೇಲಿನ ಚಿತ್ರ ನೋಡಿ ಖಚಿತಪಡಿಸಿಕೊಳ್ಳಿ. ಕೆಲವು ಪ್ರೀಆಂಪ್‌ಗಳಿಗೆ ಬೇಕಾದ್ದು ಡಿಸಿ ಅಲ್ಲ, ಎಸಿ. ಅವಕ್ಕೆ ಈ ಪರೀಕ್ಷೆ ನಡೆಯುವುದಿಲ್ಲ.

ಬ್ಯಾಟರಿಯಲ್ಲಿ ಗದ್ದಲ ಮಾಯವಾದರೆ ಅಡಾಪ್ಟರೇ ಅಪರಾಧಿ. ಏನೂ ವ್ಯತ್ಯಾಸ ಕಾಣದಿದ್ದರೆ ಸಪ್ಲೈಗೆ ಇಡಬೇಕೆಂದಿದ್ದ ದುಡ್ಡು ಉಳಿಯಿತು.

ಲೀನಿಯರ್ ಸಪ್ಲೈ ಬೇಕೇಬೇಕಾದರೆ ಅದರಲ್ಲಿ ಗುಟ್ಟೇನಿಲ್ಲ: 15 ವೋಲ್ಟಿನ ಸಣ್ಣ ಟ್ರಾನ್ಸ್‌ಫಾರ್ಮರ್, ಬ್ರಿಜ್ ರೆಕ್ಟಿಫೈಯರ್, 2200 ಮೈಕ್ರೊಫ್ಯಾರಡ್ 35 ವೋಲ್ಟಿನ ಕೆಪಾಸಿಟರ್, 7812 ರೆಗ್ಯುಲೇಟರ್, ಅದರ ಎರಡೂ ಬದಿಗೆ 0.1 ಮೈಕ್ರೊಫ್ಯಾರಡ್. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದೇ ಸುತ್ತಿಗೆ ಎಲ್ಲ ಸಿಗುತ್ತದೆ. ಆದರೆ 230 ವೋಲ್ಟಿನ ವೈರಿಂಗ್ ಮಾಡಿ ಅಭ್ಯಾಸ ಇಲ್ಲದವರು ಸಿದ್ಧ ಲೀನಿಯರ್ ಅಡಾಪ್ಟರ್ ಕೊಳ್ಳುವುದೇ ಜಾಣತನ. ಮನೆಯಲ್ಲೇ ಮಾಡಿದರೂ ಟ್ರಾನ್ಸ್‌ಫಾರ್ಮರನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು ಪ್ರೀಆಂಪಿನಿಂದ ದೂರವಿಡಿ.

ಸಪ್ಲೈ ವೋಲ್ಟೇಜಿಗೂ ಧ್ವನಿಗೂ ನೇರ ಸಂಬಂಧ ಇರುವ ಒಂದು ಜಾಗವಿದೆ. 12 ವೋಲ್ಟಿನಲ್ಲಿ ನಡೆಯುವ ಐಸಿ ಎರಡೂ ಬದಿ ಸುಮಾರು 2 ವೋಲ್ಟ್ ಬಿಟ್ಟು, 4 ವೋಲ್ಟಿನ ಶಿಖರದವರೆಗೆ ಮಾತ್ರ ಏರಬಲ್ಲದು. ಅರ್ಧ ವೋಲ್ಟಿನ ಸಾಮಾನ್ಯ ಮಟ್ಟಕ್ಕೆ ಹೋಲಿಸಿದರೆ ಸುಮಾರು 15 ಡೆಸಿಬೆಲ್ ಮಿಗತೆ. ಪ್ಲಸ್ 15, ಮೈನಸ್ 15 ವೋಲ್ಟಿನಲ್ಲಾದರೆ ಮಿಗತೆ 25 ಡೆಸಿಬೆಲ್. ಗೀರು ಬಿದ್ದ ಪ್ಲೇಟಿನ ಟಕ್ ಸದ್ದು ಸಂಗೀತಕ್ಕಿಂತ ಬಹಳ ಜೋರಾಗಿರುತ್ತದೆ. ಮಿಗತೆ ಕಡಿಮೆಯಿದ್ದರೆ ಆ ಟಕ್ ಐಸಿಯನ್ನು ಅದರ ಮಿತಿಗೇ ಮುಟ್ಟಿಸಿ ಇನ್ನಷ್ಟು ಒರಟಾಗುತ್ತದೆ. ಹಾಗೆಂದು 12 ವೋಲ್ಟಿನ ಡಬ್ಬಿಗೆ 24 ವೋಲ್ಟ್ ಕೊಡಬೇಡಿ. ಒಳಗಿನ ಕೆಪಾಸಿಟರ್‌ಗಳ ಮೇಲೆ 16 ವೋಲ್ಟ್ ಎಂದು ಬರೆದಿದ್ದರೆ ಅವು ಸಿಡಿಯಬಹುದು.

ಪಿಕೋಫ್ಯಾರಡ್ ಲೆಕ್ಕ

ಪಿಟೀಲು ಚುಚ್ಚುತ್ತದೆ, ತಾಳದ ಸದ್ದು ತಗಡಿನಂತಿದೆ ಎಂಬ ದೂರಿಗೆ ಬಹಳ ಸಲ ಕಾರಣ ಕಾರ್ಟ್ರಿಜ್ ಮೇಲಿನ ಲೋಡು. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಎಂದರೆ ಸಾವಿರಾರು ಸುತ್ತಿನ ಸುರುಳಿ. ಅದರ ಇಂಡಕ್ಟನ್ಸ್, ವೈರಿನ ಮತ್ತು ಪ್ರೀಆಂಪಿನ ಕೆಪಾಸಿಟನ್ಸ್ ಸೇರಿ ಒಂದು ಅನುರಣನ ಹುಟ್ಟುತ್ತದೆ. ಆ ಆವರ್ತನದ ಸುತ್ತ ದನಿ ಉಬ್ಬಿ, ಅದರಾಚೆ ಕುಸಿಯುತ್ತದೆ.

ಆಡಿಯೋ-ಟೆಕ್ನಿಕಾದ ವಿಎಂ95ಇ ಕಾರ್ಟ್ರಿಜ್ ತೆಗೆದುಕೊಳ್ಳಿ. ಇಂಡಕ್ಟನ್ಸ್ 550 ಮಿಲಿಹೆನ್ರಿ. ತಯಾರಕರು ಹೇಳುವ ಲೋಡು 47 ಕಿಲೋಓಮ್, 100ರಿಂದ 200 ಪಿಕೋಫ್ಯಾರಡ್. ಒಟ್ಟು ಕೆಪಾಸಿಟನ್ಸ್ 200 ಇದ್ದರೆ ಅನುರಣನ 15 ಕಿಲೋಹರ್ಟ್ಸ್ ಹತ್ತಿರ, 400 ಆದರೆ 10.7 ಕಿಲೋಹರ್ಟ್ಸ್‌ಗೆ ಇಳಿಯುತ್ತದೆ. ಪಿಟೀಲಿನ, ಝಾಂಜಿನ ಹೊಳಪೆಲ್ಲ ಇರುವುದು ಅಲ್ಲೇ ಆದ್ದರಿಂದ ಕಿವಿಗೆ ನೇರ ತಾಗುತ್ತದೆ. ಅದೇ ಆರ್ಟೊಫೋನ್ 2ಎಂ ರೆಡ್ ಕಾರ್ಟ್ರಿಜ್‌ಗೆ ತಯಾರಕರು 150ರಿಂದ 300 ಪಿಕೋಫ್ಯಾರಡ್ ಹೇಳುತ್ತಾರೆ. ಹಾಗಾಗಿ ಒಂದೇ ಡಬ್ಬಿ ಒಬ್ಬರ ಮನೆಯಲ್ಲಿ ಹಿತವಾಗಿ, ಇನ್ನೊಬ್ಬರಲ್ಲಿ ಕಟುವಾಗಿ ಕೇಳುವುದರಲ್ಲಿ ಆಶ್ಚರ್ಯವಿಲ್ಲ.

ಲೆಕ್ಕ ಹಾಕುವುದು ಹೀಗೆ. ಕೆಪಾಸಿಟನ್ಸ್ ಅಳೆಯುವ ಮಲ್ಟಿಮೀಟರ್ ತನ್ನಿ. ಎರಡೂ ತುದಿ ಬಿಚ್ಚಿದ ಆರ್‌ಸಿಎ ಕೇಬಲ್ಲಿನ ನಡುವಿನ ಪಿನ್ ಮತ್ತು ಹೊರಸುತ್ತಿನ ನಡುವೆ ಅಳೆಯಿರಿ. ಒಂದು ಮೀಟರ್ ಉದ್ದಕ್ಕೆ ಸಾಮಾನ್ಯವಾಗಿ 100 ಪಿಕೋಫ್ಯಾರಡ್ ಆಸುಪಾಸು ಬರುತ್ತದೆ. ಟೋನ್‌ಆರ್ಮ್ ಒಳಗಿನ ವೈರಿಗೆ ಇನ್ನೊಂದಿಷ್ಟು ಸೇರಿಸಿ. ಆಮೇಲೆ ಪ್ರೀಆಂಪಿನ ಇನ್‌ಪುಟ್ ಜಾಕಿನ ಪಕ್ಕದಲ್ಲಿರುವ ಪುಟ್ಟ ಕೆಪಾಸಿಟರನ್ನು ಹುಡುಕಿ. 47 ಕಿಲೋಓಮ್ ರೆಸಿಸ್ಟರಿಗೆ ಸಮಾಂತರವಾಗಿ, ನೆಲಕ್ಕೆ (ಗ್ರೌಂಡಿಗೆ) ಜೋಡಿಸಿರುತ್ತಾರೆ. 221 ಎಂದಿದ್ದರೆ 220 ಪಿಕೋಫ್ಯಾರಡ್, 331 ಎಂದಿದ್ದರೆ 330. ಮೂರೂ ಕೂಡಿದ್ದು ತಯಾರಕರ ಮಿತಿ ದಾಟಿದರೆ ಈ ಕೆಪಾಸಿಟರ್ ಕಿತ್ತು 47 ಅಥವಾ 100 ಪಿಕೋಫ್ಯಾರಡಿನ ಸಿ0ಜಿ ಸೆರಾಮಿಕ್ ಹಾಕಿ. ಪೂರ್ತಿ ತೆಗೆದರೆ ಮೊಬೈಲಿನ, ಎಫ್ಎಂ ಕೇಂದ್ರಗಳ ಗದ್ದಲ ಒಳನುಗ್ಗುವ ಸಾಧ್ಯತೆಯಿದೆ. ಎರಡು ರೂಪಾಯಿಯ ಈ ಬಿಡಿಭಾಗ ಮಾಡುವ ವ್ಯತ್ಯಾಸವನ್ನು ಸಾವಿರ ರೂಪಾಯಿಯ ಐಸಿ ಮಾಡಲಾರದು.

ಆರ್‌ಐಎಎ ನಾಲ್ವರು

ಈಗ ಡಬ್ಬಿಯ ಹೃದಯ. ಅಗ್ಗದ ಪ್ರೀಆಂಪ್‌ಗಳಲ್ಲಿ ಆರ್‌ಐಎಎ ಆಕಾರ ಕೊಡುವ ಕೆಪಾಸಿಟರ್‌ಗಳು 5 ಅಥವಾ 10 ಪ್ರತಿಶತ ವ್ಯತ್ಯಾಸದವು. 75 ಮೈಕ್ರೊಸೆಕೆಂಡಿನ ಸ್ಥಿರಾಂಕ 10 ಪ್ರತಿಶತ ತಪ್ಪಿದರೆ ತಾರಸ್ಥಾಯಿಯ ತುದಿಯಲ್ಲಿ 0.8 ಡೆಸಿಬೆಲ್ ತಪ್ಪುತ್ತದೆ. ಎಡ ಚಾನಲ್ ಒಂದು ಕಡೆಗೆ, ಬಲ ಇನ್ನೊಂದು ಕಡೆಗೆ ತಪ್ಪಿದರೆ ಅಂತರ ಇಮ್ಮಡಿ. ಆಗ ಗಾಯಕರ ದನಿ ನಡುವೆ ನಿಲ್ಲದೆ, ಸ್ವರ ಏರಿದಂತೆ ಒಂದು ಬದಿಗೆ ಸರಿದಂತೆ ಕೇಳುತ್ತದೆ.

ಹೆಚ್ಚು ಬಳಕೆಯಲ್ಲಿರುವ ವಿನ್ಯಾಸದಲ್ಲಿ ಐಸಿಯ ಔಟ್‌ಪುಟ್ಟಿನಿಂದ ಇನ್ವರ್ಟಿಂಗ್ ಪಿನ್ನಿಗೆ ಎರಡು ಜೋಡಿಗಳು ಸಾಲಾಗಿರುತ್ತವೆ. ಆರ್1ಕ್ಕೆ ಸಮಾಂತರವಾಗಿ ಸಿ1, ಆರ್2ಕ್ಕೆ ಸಮಾಂತರವಾಗಿ ಸಿ2. ಆರ್1, ಸಿ1 ಗುಣಿಸಿದರೆ 3180 ಬರಬೇಕು. ಆರ್2, ಸಿ2 ಗುಣಿಸಿದರೆ 75. ನಡುವಿನ 318 ಬರಬೇಕಾದರೆ ಆರ್1 ಎನ್ನುವುದು ಆರ್2ರ 11.78 ಪಟ್ಟು, ಸಿ1 ಎನ್ನುವುದು ಸಿ2ರ 3.6 ಪಟ್ಟು ಇರಬೇಕು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಲಿಪ್‌ಶಿಟ್ಜ್ 1979ರಲ್ಲಿ ಇಂಥ ಜಾಲಗಳ ನಿಖರ ಸೂತ್ರಗಳನ್ನು ಪ್ರಕಟಿಸಿದರು. ಆಗ ಚಾಲ್ತಿಯಲ್ಲಿದ್ದ ಎಷ್ಟೋ ಸರ್ಕ್ಯೂಟುಗಳು ಲೆಕ್ಕ ತಪ್ಪಿದ್ದವು ಎಂಬುದೂ ಅದರಿಂದ ಬೆಳಕಿಗೆ ಬಂತು.

ಕೈಗೆ ಸಿಗುವ ಮೌಲ್ಯಗಳಲ್ಲಿ ಒಂದು ಉದಾಹರಣೆ:

ಸಿ2: 10 ನ್ಯಾನೊಫ್ಯಾರಡ್.
ಸಿ1: 36 ನ್ಯಾನೊಫ್ಯಾರಡ್. 33 ಮತ್ತು 3 ಸಮಾಂತರವಾಗಿ ಬೆಸೆದರೆ ಆಯಿತು.
ಆರ್2: 7.5 ಕಿಲೋಓಮ್.
ಆರ್1: 88.2 ಕಿಲೋಓಮ್. 82 ಮತ್ತು 6.2 ಸಾಲಾಗಿ.
ಇನ್ವರ್ಟಿಂಗ್ ಪಿನ್ನಿನಿಂದ ನೆಲಕ್ಕೆ ಹೋಗುವ ರೆಸಿಸ್ಟರ್: 100 ಓಮ್.

ಇದರಲ್ಲಿ 1 ಕಿಲೋಹರ್ಟ್ಸ್ ಗೇನ್ 39.8 ಡೆಸಿಬೆಲ್ ಬರುತ್ತದೆ, ಬೇಕಿದ್ದುದೂ ಅಷ್ಟೇ. ನಿಮ್ಮ ಡಬ್ಬಿಯಲ್ಲಿ ಬೇರೆ ಮೌಲ್ಯಗಳಿರಬಹುದು. ಅದರ ರೆಸಿಸ್ಟರ್, ಕೆಪಾಸಿಟರ್ ಗುರುತುಗಳನ್ನು ಬರೆದುಕೊಂಡು ಮೇಲಿನ ನಾಲ್ಕು ಸಂಬಂಧಗಳಿಗೆ ತಾಳೆ ನೋಡಿ. ಹೊಂದಿದರೆ ಅದೇ ಮೌಲ್ಯದ ಒಳ್ಳೆಯ ಭಾಗಗಳನ್ನು ಹಾಕಿದರೆ ಸಾಕು. ಜೋಡಣೆಯೇ ಬೇರೆ ಬಗೆಯದಾದರೆ ಈ ಮೌಲ್ಯಗಳನ್ನು ಅದಕ್ಕೆ ತುರುಕಬೇಡಿ.

ಒಳ್ಳೆಯ ಭಾಗ ಎಂದರೇನು? ಕೆಪಾಸಿಟರ್ ಪಾಲಿಪ್ರೊಪಿಲೀನ್, ಪಾಲಿಸ್ಟೈರೀನ್ ಅಥವಾ ಸಿ0ಜಿ ಸೆರಾಮಿಕ್ ಆಗಿರಲಿ. ಎಕ್ಸ್7ಆರ್ ಸೆರಾಮಿಕ್ ಬೇಡ. ಅದರ ಮೌಲ್ಯ ವೋಲ್ಟೇಜಿಗೆ ತಕ್ಕಂತೆ ಅಲುಗುತ್ತದೆ, ತಟ್ಟಿದರೆ ಮೈಕಿನಂತೆ ಸದ್ದನ್ನೂ ಹಿಡಿಯುತ್ತದೆ. ರೆಸಿಸ್ಟರ್ 1 ಪ್ರತಿಶತದ ಮೆಟಲ್ ಫಿಲ್ಮ್ ಆಗಿರಲಿ.

ಅತಿ ಮುಖ್ಯವಾದುದು ಜೋಡಿ ಹೊಂದಿಸುವುದು. 10 ನ್ಯಾನೊಫ್ಯಾರಡಿನ ಹತ್ತು ಕೆಪಾಸಿಟರ್ ಕೊಂಡು ಒಂದೊಂದನ್ನೂ ಅಳೆದು, ತೀರ ಹತ್ತಿರ ಬಂದ ಎರಡನ್ನು ಎಡಕ್ಕೊಂದು, ಬಲಕ್ಕೊಂದು ಇಡಿ. ಅಗ್ಗದ ಮೀಟರ್ 2 ಪ್ರತಿಶತ ತಪ್ಪು ತೋರಿಸಿದರೂ ಚಿಂತೆಯಿಲ್ಲ, ಎರಡನ್ನೂ ಒಂದೇ ಅಳತೆಗೋಲಿನಲ್ಲಿ ಅಳೆದಿರುತ್ತೀರಿ. ಕೆಪಾಸಿಟರನ್ನು ಬೆರಳಲ್ಲಿ ಹಿಡಿದು ಅಳೆಯಬೇಡಿ. ಮೈಶಾಖಕ್ಕೂ ಬೆರಳಿನ ಕೆಪಾಸಿಟನ್ಸಿಗೂ ಅಂಕಿ ಓಡಾಡುತ್ತದೆ.

ಮಂದ್ರ ಎಲ್ಲಿ ಹೋಯಿತು?

ಮೃದಂಗದ ಎಡಭಾಗಕ್ಕೆ ತೂಕವಿಲ್ಲ ಎಂಬ ದೂರಿಗೆ ಉತ್ತರ ಎರಡು ಕೆಪಾಸಿಟರ್‌ಗಳಲ್ಲಿದೆ. ಮೊದಲನೆಯದು ಮೇಲೆ ಹೇಳಿದ 100 ಓಮ್ ರೆಸಿಸ್ಟರಿಗೆ ಸಾಲಾಗಿ ನೆಲಕ್ಕೆ ಹೋಗುವ ಎಲೆಕ್ಟ್ರೊಲಿಟಿಕ್. ಅದು 47 ಮೈಕ್ರೊಫ್ಯಾರಡ್ ಆದರೆ 34 ಹರ್ಟ್ಸ್‌ನಿಂದಲೇ ಮಂದ್ರ ಇಳಿಯತೊಡಗುತ್ತದೆ. 220 ಆದರೆ 7 ಹರ್ಟ್ಸ್‌ವರೆಗೂ ತಡೆಯಿಲ್ಲ. ಎರಡನೆಯದು ಔಟ್‌ಪುಟ್ ಕೆಪಾಸಿಟರ್. 1 ಮೈಕ್ರೊಫ್ಯಾರಡಿನದು 47 ಕಿಲೋಓಮ್ ಇನ್‌ಪುಟ್ಟಿನ ಆಂಪ್ಲಿಫೈಯರಿಗೆ 3.4 ಹರ್ಟ್ಸ್‌ನಲ್ಲಿ ಕಡಿದರೆ, 10 ಕಿಲೋಓಮಿನದಕ್ಕೆ 16 ಹರ್ಟ್ಸ್‌ನಲ್ಲೇ ಕಡಿಯುತ್ತದೆ. ಅಲ್ಲಿ 4.7 ಮೈಕ್ರೊಫ್ಯಾರಡ್ ಫಿಲ್ಮ್ ಹಾಕಬಹುದು.

ಆದರೆ ದೊಡ್ಡದು ಮಾಡಿದಷ್ಟೂ ಒಳ್ಳೆಯದೆಂದು ತಿಳಿಯಬಾರದು. ಸೊಟ್ಟಗಾದ ಪ್ಲೇಟು ನಿಮಿಷಕ್ಕೆ 33⅓ ಸುತ್ತಿನಲ್ಲಿ ಸೆಕೆಂಡಿಗೆ ಅರ್ಧ ಸಲ ಮೇಲಕ್ಕೂ ಕೆಳಕ್ಕೂ ತೂಗುತ್ತದೆ. ಟೋನ್‌ಆರ್ಮ್ ಮತ್ತು ಕಾರ್ಟ್ರಿಜ್ ಸೇರಿ 8ರಿಂದ 12 ಹರ್ಟ್ಸ್ ಸುತ್ತ ತಾವೇ ಕುಣಿಯುತ್ತವೆ. ಇದೆಲ್ಲ ಸೇರಿ ಸ್ಪೀಕರಿನ ಕೋನು ಸಂಗೀತಕ್ಕೆ ಸಂಬಂಧವಿಲ್ಲದೆ ಒಳಗೂ ಹೊರಗೂ ಓಲಾಡುತ್ತದೆ. ಪ್ಲೇಟು ತಿರುಗುವಾಗ ವೂಫರ್ ಮೇಲೆ ಕಣ್ಣಿಡಿ. ಓಲಾಟ ಕಂಡರೆ 220ರ ಬದಲು 100 ಮೈಕ್ರೊಫ್ಯಾರಡಿಗೆ ಇಳಿಯಿರಿ, ಕಡಿತ 16 ಹರ್ಟ್ಸ್‌ಗೆ ಬರುತ್ತದೆ. ಇದೇ ಕಾರಣಕ್ಕೆ 1976ರಲ್ಲಿ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ ಐಇಸಿ, ಆರ್‌ಐಎಎ ಆಕಾರಕ್ಕೆ 20 ಹರ್ಟ್ಸ್‌ನ ಕಡಿತ ಸೇರಿಸಿತ್ತು. ಹಲವು ತಯಾರಕರು ಅದನ್ನು ಪಾಲಿಸಲಿಲ್ಲ.

ಕೊನೆಗೆ ಐಸಿ

ಇಷ್ಟಾದ ಮೇಲೂ ಸೂಜಿ ಎತ್ತಿದಾಗ ಸುಯ್ ಸದ್ದು ಹೆಚ್ಚು ಎನಿಸಿದರೆ ಐಸಿ ನೋಡಬಹುದು. ಇಲ್ಲಿ ಒಂದು ಬಲೆಯಿದೆ. ಮಾರುವವರು ತೋರಿಸುವುದು ವೋಲ್ಟೇಜ್ ನಾಯ್ಸ್ ಅಂಕಿ. ಟಿಎಲ್072 18 ನ್ಯಾನೊವೋಲ್ಟ್, ಎನ್‌ಇ5532 5, ಎಲ್‌ಎಂ4562 2.7. ಕಡಿಮೆ ಇದ್ದಷ್ಟೂ ಒಳ್ಳೆಯದಲ್ಲವೇ? ಮೂವಿಂಗ್ ಕಾಯಿಲ್‌ಗೆ ಹೌದು. ಮೂವಿಂಗ್ ಮ್ಯಾಗ್ನೆಟ್ಟಿಗೆ ಅಷ್ಟು ಸರಳವಲ್ಲ. 550 ಮಿಲಿಹೆನ್ರಿಯ ಸುರುಳಿ 10 ಕಿಲೋಹರ್ಟ್ಸ್‌ನಲ್ಲಿ 35 ಕಿಲೋಓಮಿನಷ್ಟು ಅಡ್ಡಿಯೊಡ್ಡುತ್ತದೆ. ಐಸಿಯ ಇನ್‌ಪುಟ್ಟಿನಿಂದ ಹೊಮ್ಮುವ ಕರೆಂಟ್ ನಾಯ್ಸ್ ಆ ಅಡ್ಡಿಯ ಮೇಲೆ ಹರಿದು ವೋಲ್ಟೇಜ್ ಆಗುತ್ತದೆ. ಎಲ್‌ಎಂ4562ರ ಕರೆಂಟ್ ನಾಯ್ಸ್ 1.6 ಪಿಕೋಆಂಪಿಯರ್, ಎನ್‌ಇ5532ರದು 0.7, ಎನ್‌ಇ5534ಎ ಐಸಿಯದು 0.4. ಹಾಗಾಗಿ ದುಬಾರಿ ಎಲ್‌ಎಂ4562 ಇಲ್ಲಿ ಅಗ್ಗದ 5532ಕ್ಕಿಂತ ಹೆಚ್ಚು ಸುಯ್‌ಗುಟ್ಟಬಹುದು.

ನಿಜವಾಗಿ ಹೊಂದುವುದು ಜೆಫೆಟ್ ಇನ್‌ಪುಟ್ಟಿನ, ವೋಲ್ಟೇಜ್ ನಾಯ್ಸೂ ಕಡಿಮೆಯಿರುವ ಒಪಿಎ1642. ಅದರ ವೋಲ್ಟೇಜ್ ನಾಯ್ಸ್ 5.1, ಕರೆಂಟ್ ನಾಯ್ಸ್ ಲೆಕ್ಕಕ್ಕೇ ಇಲ್ಲದಷ್ಟು. ಅದು ಬರುವುದು ಎಸ್‌ಎಂಡಿ ರೂಪದಲ್ಲಿ ಮಾತ್ರ. ಎಂಟು ಕಾಲಿನ ಡಿಐಪಿ ಸಾಕೆಟ್ಟಿಗೆ ಕೂರಿಸಲು ಸಣ್ಣ ಅಡಾಪ್ಟರ್ ಬೋರ್ಡ್ ಬೇಕು. ಡಬ್ಬಿಯಲ್ಲಿ ಈಗಾಗಲೇ 5532 ಇದ್ದರೆ ಅದನ್ನು ಬಿಟ್ಟುಬಿಡಿ, ಸಿಗುವ ಲಾಭ ಸಣ್ಣದು. ಟಿಎಲ್072 ಅಥವಾ 4558 ಇದ್ದರೆ ಬದಲಿಸಬಹುದು. 5534 ಒಂಟಿ ಐಸಿ, ಕಾಲುಗಳ ಜೋಡಣೆಯೇ ಬೇರೆ. 5532ರ ಜಾಗಕ್ಕೆ ಅದು ಕೂರುವುದಿಲ್ಲ.

ಬೆಸುಗೆ ಹಾಕಿದ ಐಸಿಯನ್ನು ಎಳೆದು ಕೀಳಬೇಡಿ, ಅಗ್ಗದ ಬೋರ್ಡಿನ ತಾಮ್ರದ ಪ್ಯಾಡು ಅದರೊಂದಿಗೇ ಎದ್ದುಬರುತ್ತದೆ. ಎಂಟು ಕಾಲುಗಳನ್ನೂ ಸಣ್ಣ ಕಟರಿನಿಂದ ಕತ್ತರಿಸಿ, ಮೈ ತೆಗೆದು, ಉಳಿದ ಒಂದೊಂದೇ ಕಾಲನ್ನು ಬಿಸಿಮಾಡಿ ಚಿಮಟದಿಂದ ತೆಗೆಯಿರಿ. ರಂಧ್ರಗಳನ್ನು ಡಿಸೋಲ್ಡರ್ ವಿಕ್ಕಿನಿಂದ ಚೊಕ್ಕಮಾಡಿ ಸಾಕೆಟ್ ಬೆಸೆಯಿರಿ. ಐಸಿಯ ಒಂದನೇ ಕಾಲಿನ ಗುರುತು ಮೊದಲಿದ್ದ ಕಡೆಗೇ ಇರಲಿ. 8ನೇ ಮತ್ತು 4ನೇ ಕಾಲುಗಳ ಬಳಿ 0.1 ಮೈಕ್ರೊಫ್ಯಾರಡ್ ಇರದಿದ್ದರೆ ಸೇರಿಸಿ. ವೇಗದ ಐಸಿಗಳು ಅದಿಲ್ಲದೆ ಕಿವಿಗೆ ಕೇಳದ ಮೆಗಾಹರ್ಟ್ಸ್‌ನಲ್ಲಿ ತಾವೇ ಕಂಪಿಸತೊಡಗುತ್ತವೆ. ಐಸಿ ಸುಡುವಷ್ಟು ಬಿಸಿಯಾದರೆ ಅದೇ ಸುಳಿವು.

ಆಂಪ್ಲಿಫೈಯರಿಗೆ ಜೋಡಿಸುವ ಮೊದಲು ಮೀಟರಿನಿಂದ ನೋಡಿ. 12 ವೋಲ್ಟಿನ ಒಂಟಿ ಸಪ್ಲೈ ಆದರೆ 8ನೇ ಕಾಲಿನಲ್ಲಿ 12, 4ರಲ್ಲಿ ಸೊನ್ನೆ, ಔಟ್‌ಪುಟ್ ಕಾಲುಗಳಾದ 1 ಮತ್ತು 7ರಲ್ಲಿ ಸುಮಾರು 6 ವೋಲ್ಟ್ ಇರಬೇಕು. ಜೋಡಿ ಸಪ್ಲೈ ಆದರೆ 1 ಮತ್ತು 7ರಲ್ಲಿ ಸೊನ್ನೆಯ ಹತ್ತಿರ. ಇಷ್ಟು ಬರದಿದ್ದರೆ ಮುಂದೆ ಹೋಗಬೇಡಿ. ಹೆಸರಾಂತ ಐಸಿಗಳ ನಕಲುಗಳು ಮಾರುಕಟ್ಟೆಯಲ್ಲಿವೆ. ಬೆಲೆ ನಂಬಲಾಗದಷ್ಟು ಕಡಿಮೆಯಿದ್ದರೆ ನಂಬದಿರುವುದೇ ಸರಿ, ಅಧಿಕೃತ ವಿತರಕರಿಂದ ತರಿಸಿಕೊಳ್ಳಿ.

ಸುಧಾರಿಸಿತೆಂದು ಹೇಗೆ ಗೊತ್ತು?

ಬೆಸುಗೆಯ ಬಿಸಿ ಐರನ್ ಕೆಳಗಿಟ್ಟ ತಕ್ಷಣ ಎಲ್ಲವೂ ಚೆನ್ನಾಗಿ ಕೇಳುತ್ತದೆ. ಕಷ್ಟಪಟ್ಟವರ ಕಿವಿ ಪಕ್ಷಪಾತಿ. ಸ್ವಲ್ಪ ಜೋರಾಗಿದ್ದದ್ದು ಯಾವಾಗಲೂ ಹೆಚ್ಚು ಚೆನ್ನಾಗಿ ಕೇಳುವುದೂ ಸಹಜ.

ಅದಕ್ಕೊಂದು ಉಪಾಯ ಇದೆ, ಅದಕ್ಕೆ ಬೇಕಾದ ಸಾಮಗ್ರಿ ಕರ್ನಾಟಕದ ಎಷ್ಟೋ ಮನೆಗಳಲ್ಲಿದೆ: 1960ರ ದಶಕದ ಕನ್ನಡ ಚಿತ್ರಗೀತೆಗಳ ಮೋನೋ ಇಪಿ. ಮೋನೋ ಪ್ಲೇಟಿನಲ್ಲಿ ಎಡಕ್ಕೂ ಬಲಕ್ಕೂ ಒಂದೇ ಸಿಗ್ನಲ್. ಆದ್ದರಿಂದ ಮೊದಲು ಎಡ ಚಾನಲ್ಲಿನ ಕೆಪಾಸಿಟರ್, ರೆಸಿಸ್ಟರ್‌ಗಳನ್ನಷ್ಟೇ ಬದಲಿಸಿ, ಬಲವನ್ನು ಇದ್ದಂತೆ ಬಿಡಿ. ಪ್ಲೇಟು ಹಾಕಿ, ಆಂಪ್ಲಿಫೈಯರಿನ ಬ್ಯಾಲೆನ್ಸ್ ಗುಂಡಿಯನ್ನು ಆಕಡೆ ಈಕಡೆ ತಿರುಗಿಸುತ್ತ ಕೇಳಿ. ಹಳತೂ ಹೊಸತೂ ಅದೇ ಹಾಡು, ಅದೇ ಕ್ಷಣ. ಕಾರ್ಟ್ರಿಜ್‌ನ ಎರಡು ಬದಿಗಳಲ್ಲೇ ವ್ಯತ್ಯಾಸವಿರಬಹುದು. ಹಾಗಾಗಿ ಇನ್‌ಪುಟ್ ವೈರುಗಳನ್ನು ಅದಲುಬದಲು ಮಾಡಿ ಇನ್ನೊಮ್ಮೆ ಕೇಳಿ. ವ್ಯತ್ಯಾಸ ಎಡದಲ್ಲೇ ಉಳಿದರೆ ಅದು ನೀವು ಮಾಡಿದ್ದು.

ಅಂಕಿಯೇ ಬೇಕೆನ್ನುವವರು ಕಂಪ್ಯೂಟರಿನ ಸೌಂಡ್ ಕಾರ್ಡ್ ಬಳಸಬಹುದು. ಅದರ ಔಟ್‌ಪುಟ್ಟಿಗೆ 10 ಕಿಲೋಓಮ್ ಮತ್ತು 47 ಓಮ್ ಸಾಲಾಗಿ ಜೋಡಿಸಿ, 47ರ ಮೇಲಿನ ವೋಲ್ಟೇಜನ್ನು ಪ್ರೀಆಂಪಿಗೆ ಕೊಟ್ಟರೆ 1 ವೋಲ್ಟ್ 4.7 ಮಿಲಿವೋಲ್ಟ್ ಆಗುತ್ತದೆ. 100 ಹರ್ಟ್ಸ್‌ನಲ್ಲಿ 13.1 ಡೆಸಿಬೆಲ್ ಏರಿಕೆ, 10 ಕಿಲೋಹರ್ಟ್ಸ್‌ನಲ್ಲಿ 13.7 ಇಳಿಕೆ ಬಂದರೆ, ಎರಡು ಚಾನಲ್ಲುಗಳ ಅಂತರ 0.2 ಡೆಸಿಬೆಲ್ ಒಳಗಿದ್ದರೆ ಕೆಲಸ ಗೆದ್ದಂತೆ. ಸಾದಾ ಮಲ್ಟಿಮೀಟರಿನ ಎಸಿ ಅಳತೆ 1 ಕಿಲೋಹರ್ಟ್ಸ್ ದಾಟಿದ ಮೇಲೆ ನಂಬಲರ್ಹವಲ್ಲ. ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಿ ಮಟ್ಟ ಓದಿಕೊಳ್ಳಿ.

78ರ ಪ್ಲೇಟುಗಳವರಿಗೆ ಒಂದು ಮಾತು. ನಮ್ಮಲ್ಲಿ 1960ರ ದಶಕದಲ್ಲೂ 78 ಒತ್ತುತ್ತಿದ್ದರು. ಆದರೆ 1954ಕ್ಕಿಂತ ಹಿಂದಿನ 78ಗಳಿಗೆ ಆರ್‌ಐಎಎ ಹೊಂದುವುದಿಲ್ಲ. ಅವುಗಳ ಗೆರೆಯೂ ಅಗಲ, ಎಲ್‌ಪಿ ಸೂಜಿ ತಳದಲ್ಲಿ ಓಲಾಡುತ್ತದೆ. ಅವಕ್ಕೆ ಬೇಕಾದ್ದು ಅಗಲ ತುದಿಯ ಬೇರೆ ಸೂಜಿ, ಬೇರೆ ಬೇರೆ ಇಳಿಜಾರು ಆರಿಸಲು ಬರುವ ಪ್ರೀಆಂಪ್. ನಿಮ್ಮ ಎಲ್‌ಪಿ ಡಬ್ಬಿಯನ್ನು ಅದಕ್ಕಾಗಿ ಕೆಡಿಸಬೇಡಿ.

ಒಟ್ಟಿನಲ್ಲಿ ಕ್ರಮ ಇಷ್ಟು: ಸೂಜಿ ಮತ್ತು ಸ್ವಿಚ್ಚು, ಅರ್ತ್ ಮತ್ತು ಜಾಗ, ಬ್ಯಾಟರಿ ಪರೀಕ್ಷೆ, ಇನ್‌ಪುಟ್ ಪಿಕೋಫ್ಯಾರಡ್, ಆರ್‌ಐಎಎ ಜೋಡಿ, ಮಂದ್ರದ ಕೆಪಾಸಿಟರ್, ಕೊನೆಗೆ ಐಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಕಿತ್ತ ಭಾಗವನ್ನು ಹೆಸರು ಬರೆದ ಪೊಟ್ಟಣದಲ್ಲಿಡಿ. ವಾರಂಟಿ ಇರುವ ಡಬ್ಬಿಯಾದರೆ ಅದು ಮುಗಿಯುವವರೆಗೆ ತೆರೆಯಬೇಡಿ. ಮೊದಲ ನಾಲ್ಕು ಹಂತದಲ್ಲೇ ಹೆಚ್ಚಿನವರ ದೂರು ತೀರುತ್ತದೆ. ತೀರಿದ ಮೇಲೂ ಐಸಿ ಬದಲಿಸುವ ಆಸೆ ಉಳಿದರೆ, ಆ ದುಡ್ಡನ್ನು ಒಂದು ಒಳ್ಳೆಯ ಸೂಜಿಗೆ ಹಾಕಿ. ಪ್ಲೇಟನ್ನು ಮುಟ್ಟುವುದು ಅದೊಂದೇ.